ಜೂನ್ ಸಂಜೆ ಅತ್ತೆ ಕಾಣೆಯಾದಾಗ

ಕೇಳಿ ಸ್ನೇಹಿತರೇ, ಇಂದು ಅಮೆರಿಕದ ರಾಚೆಸ್ಟರ್ ಹಿಲ್ಸ್‌ನಲ್ಲಿ ನಮ್ಮ ಅತ್ತೆ ಕಳೆದೇಹೋಗಿದ್ದರು!

ಅವರು ಹುಬ್ಬಳ್ಳಿಯಿಂದ ಬಂದು ಮೂರೇ ದಿನ. ಸಂಜೆ ಆರಕ್ಕೆ ವಾಕಿಂಗ್ ಹೊರಟವರಿಗೆ, "ಕತ್ತಲಾಗೋದ್ರೊಳಗೆ ಬಂದ್ಬಿಡಿ ಅತ್ತೆ" ಎಂದಿದ್ದೆ. ಎಂಟೂವರೆಯಾದರೂ ಸುಳಿವಿಲ್ಲ. ಕರೆ ಮಾಡಿದರೆ ಅವರ ಫೋನ್ ಅಡುಗೆಮನೆಯಲ್ಲೇ ರಿಂಗಾಯಿತು. ಗಂಡ ನಡೆದುಕೊಂಡು ಒಂದು ಕಡೆ, ನಾನು ಕಾರಿನಲ್ಲಿ ಇನ್ನೊಂದು ಕಡೆ ಹುಡುಕಲು ಹೊರಟೆವು.

ಅತ್ತೆ ಸಿಕ್ಕಿದ್ದು ಪಾರ್ಕಿನ ಸಾಫ್ಟ್‌ಬಾಲ್ ಮೈದಾನದಲ್ಲಿ! ಯಾರೋ ಕೊಟ್ಟ ಮಡಚುವ ಕುರ್ಚಿಯಲ್ಲಿ ಕುಳಿತು, ಆಡುತ್ತಿದ್ದ ಹುಡುಗಿಯರಿಗೆ "ಓಡವ್ವಾ, ಓಡು!" ಎಂದು ಕೂಗುತ್ತಿದ್ದರು. ಪಕ್ಕದ ಅಮೆರಿಕನ್ ಅಜ್ಜಿಯೂ ಕೈ ಬೀಸುತ್ತಾ "ಓಡವ್ವಾ!" ಎನ್ನುತ್ತಿದ್ದರು.

"ಕತ್ತಲಾಗೋದ್ರೊಳಗೆ ಬನ್ನಿ ಅಂದಿದ್ದೆನಲ್ಲ ಅತ್ತೆ! ಎಷ್ಟು ಹೆದರಿದ್ವಿ ಗೊತ್ತಾ?" ಎಂದೆ. ಅಳುವೇ ಬಂದಿತ್ತು.

ಅವರು ಮರಗಳ ಮೇಲೆ ಇನ್ನೂ ಹೊಳೆಯುತ್ತಿದ್ದ ಸೂರ್ಯನನ್ನು ತೋರಿಸಿದರು. "ಎಲ್ಲೈತವ್ವಾ ಕತ್ತಲು? ನಾನೂ ಅದರ ದಾರಿನೇ ಕಾಯಾಕತ್ತೀನಿ."

ಇಲ್ಲಿ ಈಗ ಸೂರ್ಯ ಮುಳುಗುವುದು ಒಂಬತ್ತೂಕಾಲಿಗೆ ಎಂದು ಹೇಳಲು ನಾನೇ ಮರೆತಿದ್ದೆ.

ಅಷ್ಟರಲ್ಲಿ ಗಂಡನ ಫೋನ್: "ಅವ್ವ ಸಿಕ್ಕಳೇನ?"

"ಸಿಕ್ಕಿದ್ದಾರೆ ರೀ. ಆದ್ರೆ ಮ್ಯಾಚ್ ಮುಗಿಯೋವರೆಗೂ ಬರಲ್ವಂತೆ. ನಿಮಗೂ ಒಂದು ಕುರ್ಚಿ ಹಿಡಿದಿಟ್ಟಿದ್ದಾರೆ, ಬೇಗ ಬನ್ನಿ!"