ತಿಂಗಳಿಗೊಂದು ಭಾನುವಾರದ ಹೊಲಿಗೆ

ವಿಮಾ ಕಚೇರಿಯಲ್ಲಿ ದುಡಿಯುವ ಸುಮತಿಗೆ, ಮಗಳು ಸಂಹಿತಾ ಚಿಕ್ಕವಳಿದ್ದಾಗ ಅವಳ ಜೊತೆ ಆಡಲು ಬಿಡುವೇ ಸಿಗಲಿಲ್ಲ. ವಿಚ್ಛೇದನವಾದ ಮೇಲೆ ಮಗಳು ಅಪ್ಪನ ಬಳಿ ಉಳಿದಳು; ತಾಂಬರಂನಲ್ಲಿದ್ದ ಅಮ್ಮನ ಮನೆಗೆ ಬರುವುದು ತಿಂಗಳಿಗೊಂದು ಭಾನುವಾರ ಮಾತ್ರ. ಆ ದಿನಕ್ಕೆಂದೇ ಸುಮತಿ ಪುರಸೈವಾಕ್ಕಂನ ಟೈಲರ್ ಹತ್ತಿರ ಬಣ್ಣದ ಬಟ್ಟೆ ಚೂರು ಕೇಳಿ ತರುತ್ತಿದ್ದಳು. ಇಬ್ಬರೂ ನೆಲದ ಮೇಲೆ ಕೂತು ಆನೆ, ಗಿಳಿ ಹೊಲಿದು ಹತ್ತಿ ತುಂಬುತ್ತಿದ್ದರು. ಸೊಂಡಿಲು ಸೊಟ್ಟಗಾದರೆ ಬಿದ್ದು ಬಿದ್ದು ನಗುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು.

ಕಳೆದ ತಿಂಗಳು ಹದಿಮೂರರ ಸಂಹಿತಾ ಸೂಜಿ ಮುಟ್ಟಲಿಲ್ಲ. "ಇನಿಮೇ ಸಂಡೇ ಟ್ಯೂಷನ್ ಮಾ, ವರ ಮುಡಿಯಾದು," ಎಂದು ತಮಿಳಿನಲ್ಲೇ ಹೇಳಿದಳು.

"ಇನ್ಮೇಲೆ ಬರೋಕಾಗಲ್ವಾ? ಆಯ್ತು ಪುಟ್ಟಿ, ಓದು ಮುಖ್ಯ," ಎಂದಳು ಸುಮತಿ.

ಅಪ್ಪ ಬಂದು ಮಗಳನ್ನು ಕರೆದೊಯ್ದ. ಸುಮತಿ ಬಾಗಿಲು ಹಾಕಿ, ಹಿಂದಿನ ಸಲ ಅರ್ಧ ಹೊಲಿದಿದ್ದ ಕುದುರೆಯನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.