ವರ್ನಾ ಟೆಸ್ಕಿಯವರ ಬಿಳಿ ಹಲಗೆ

ಶಾಲೆಯ ಟೀಚರ್ ಕೆಲಸದಿಂದ ನಿವೃತ್ತರಾದ ವರ್ನಾ ಟೆಸ್ಕಿ ಮೂಸ್ ಜಾ ಊರಿನ ನಮ್ಮ ಆಸ್ಪತ್ರೆಗೆ ಸ್ವಯಂಸೇವಕಿಯಾಗಿ ಬಂದವರೇ ವಾರ್ಡಿನ ಬಿಳಿ ಹಲಗೆಗಳನ್ನು ವಶಪಡಿಸಿಕೊಂಡರು. ಪ್ರತಿ ಹಾಸಿಗೆಯ ಎದುರಿನ ಆ ಹಲಗೆಯಲ್ಲಿ ಇವತ್ತಿನ ನರ್ಸ್ ಯಾರು, ಡಾಕ್ಟರ್ ಯಾರು ಎಂದು ಬರೆಯುವುದು ಪದ್ಧತಿ. ನರ್ಸುಗಳಾದ ನಾವು ಅವಸರದಲ್ಲಿ ಗೀಚುತ್ತಿದ್ದೆವು. ವರ್ನಾ ಮುತ್ತು ಪೋಣಿಸಿದಂತೆ ಬರೆದರು. ಡಾಕ್ಟರಿಗೆ ಕೆಂಪು, ನರ್ಸಿಗೆ ಹಸಿರು. ಹೆಸರಿನ ಪಕ್ಕ ಪದವಿ, ಪದವಿಯ ಪಕ್ಕ ಕೆಲಸದ ವಿವರ. ಕೊನೆಗೆ ನೆಲ ಒರೆಸುವವರ ಹೆಸರೂ ಸೇರಿದಾಗ ಅಕ್ಷರಗಳು ಇರುವೆ ಸಾಲಿನಂತಾದವು.

"ಏನೂ ಕಾಣಲ್ಲ ಮಿಸೆಸ್ ಟೆಸ್ಕಿ" ಎಂದು ಹಾಸಿಗೆಯಲ್ಲಿದ್ದ ಅವರ ಹಳೆಯ ವಿದ್ಯಾರ್ಥಿ ಡೆಲ್ಬರ್ಟ್ ಗೊಣಗಿದ.

"ನಾಲ್ಕನೇ ಕ್ಲಾಸಲ್ಲೂ ನೀನು ಹಿಂಗೇ ಅಂತಿದ್ದೆ. ಕಣ್ಣು ಬಿಟ್ಟು ನೋಡು."

ಹೋದ ಚಳಿಗಾಲದಲ್ಲಿ ಒಂದು ದಿನ ಹಲಗೆಗಳನ್ನು ಬರೆದಿಟ್ಟು ಮನೆಗೆ ಹೊರಟ ವರ್ನಾ ಮಂಜಿನ ಮೇಲೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕನ್ನಡಕವೂ ಪುಡಿಯಾಯಿತು. ನಮ್ಮ ವಾರ್ಡಿನ ಹಾಸಿಗೆಗೇ ಬಂದು ಸೇರಿದರು. ಆಪರೇಷನ್ನಿಗೆ ಮುಂಚೆ, ಯಾವ ಔಷಧಿ ಆಗುವುದಿಲ್ಲ ಎಂದು ನಾನು ಕೇಳಿದೆ. ಅವರಿಗೆ ಪೆನಿಸಿಲಿನ್ ಆಗುವುದಿಲ್ಲವೆಂದು ನನಗೆ ಗೊತ್ತಾಗಿದ್ದು ಆಮೇಲೆ. ಹಿಂದೊಮ್ಮೆ ಗಂಟಲು ಊದಿ ಉಸಿರು ಕಟ್ಟಿತ್ತು. ಅದು ನಮ್ಮ ಯಾವ ಕಾಗದದಲ್ಲೂ ಇರಲಿಲ್ಲ.

"ಅದನ್ನ ಡಾಕ್ಟರಿಗೇ ಹೇಳ್ತೀನಿ. ನಿಂಗಲ್ಲಮ್ಮ" ಎಂದರು.

ಸರಿ, ಡಾಕ್ಟರ್ ಪೆಂಡರ್‌ರನ್ನೇ ಕಳಿಸಿದೆ. ಊರಿಗೆಲ್ಲ ತಮ್ಮ ಮುಖ ಗೊತ್ತು ಎಂಬ ನಂಬಿಕೆಯಿಂದ ಆ ಮನುಷ್ಯ ಎಂದೂ ಹೆಸರು ಹೇಳಿದವರಲ್ಲ. ಸುಕ್ಕಾದ ನೀಲಿ ಬಟ್ಟೆಯಲ್ಲಿ ಒಳಗೆ ಹೋಗಿ, "ಹೇಗಿದೀರಾ?" ಎಂದರು.

"ಕಾಲೆಲ್ಲ ಚಳಿ. ಒಂದು ಬೆಚ್ಚನೆ ಕಂಬಳಿ ತಂದ್ಕೊಡಪ್ಪ."

ಡಾಕ್ಟರಿಗೆ ಇಪ್ಪತ್ತು ವರ್ಷಗಳಲ್ಲಿ ಯಾರೂ ಹೀಗೆ ಕೆಲಸ ಹೇಳಿರಲಿಲ್ಲ. ತಬ್ಬಿಬ್ಬಾಗಿ ಹೊರಟೇಬಿಟ್ಟರು.

ಅವರ ಬೆನ್ನಿಗೇ ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೈ ಧರಿಸಿ ಇನ್ನೊಬ್ಬ ಬಂದ. ವರ್ನಾ ಅವನ ಮುಂದೆ ಗಂಟಲು, ಊತ, ಪೆನಿಸಿಲಿನ್ ಎಲ್ಲವನ್ನೂ ಹೇಳತೊಡಗಿದರು. ಅವನು ಬಾಯಿ ತೆರೆದರೆ, "ಮಧ್ಯೆ ಮಾತಾಡ್ಬೇಡಿ ಡಾಕ್ಟ್ರೇ!" ಎಂದು ಗದರಿದರು.

ಕತೆ ಮುಗಿದ ಮೇಲೆ ಅವನು ಸಂಕೋಚದಿಂದ ಹೇಳಿದ: "ನಾನು ಲೈಲ್, ಮೇಡಂ. ಇಲ್ಲಿ ರೋಗಿಗಳಿಗೆ ಟಿವಿ ಬಾಡಿಗೆಗೆ ಕೊಡೋನು. ನಿಮಗೆ ಟಿವಿ ಬೇಕಿತ್ತಾ?"

ಅಷ್ಟರಲ್ಲಿ ಪೆಂಡರ್ ನಿಜಕ್ಕೂ ಕಂಬಳಿ ಹಿಡಿದು ಬಂದರು. ಹಿಂದೆಯೇ ನಾನೂ ಹೋದೆ.

"ಡಾಕ್ಟರ್ ಎಲ್ಲಿ ಸತ್ತ?" ಎಂದು ವರ್ನಾ ಕೂಗಿದರು.

"ನಾನೇ ಡಾಕ್ಟರ್."

"ಅಯ್ಯೋ! ಬಂದ ಕೂಡಲೇ ಹೇಳೋಕೇನಾಗಿತ್ತು?"

"ಹಲಗೆ ಮೇಲಿದೆಯಲ್ಲಾ. ನೀವೇ ಬರೆದಿರೋದು."

ವರ್ನಾ ಕಣ್ಣು ಕಿರಿದಾಗಿಸಿ ಹಲಗೆಯತ್ತ ನೋಡಿದರು. ಬಣ್ಣದ ಮೋಡವೊಂದು ಕಂಡಿರಬೇಕು. ಕಂಬಳಿಯನ್ನು ಮೊಣಕಾಲಿಗೆ ಎಳೆದುಕೊಂಡು, ಪೆನಿಸಿಲಿನ್ ಕತೆಯನ್ನು ಮತ್ತೆ ಮೊದಲಿಂದ ಶುರುಮಾಡಿದರು. ಈ ಸಲ ನನ್ನ ಮುಂದೆಯೇ. ಔಷಧಿ ಬದಲಾಯಿತು, ಆಪರೇಷನ್ ಸಲೀಸಾಗಿ ಮುಗಿಯಿತು.

ವಸಂತದಲ್ಲಿ ವಾಕರ್ ಹಿಡಿದು ವಾರ್ಡಿಗೆ ಮರಳಿದ ವರ್ನಾ ಹಲಗೆಗಳನ್ನೆಲ್ಲ ಒರೆಸಿದರು. ಈಗ ಒಂದೊಂದರಲ್ಲಿ ಎರಡೇ ಹೆಸರು, ಗೇಣುದ್ದದ ಅಕ್ಷರ. ಬರೆದ ಮೇಲೆ ಕನ್ನಡಕ ತೆಗೆದು, ರೋಗಿಯ ದಿಂಬಿನ ಪಕ್ಕ ಬಗ್ಗಿ ನಿಂತು ತಾವೇ ಓದಿ ನೋಡುತ್ತಾರೆ.

ಪೆಂಡರ್ ಕೂಡ ಬಾಗಿಲಲ್ಲೇ ನಿಂತು, "ನಾನು ಡಾಕ್ಟರ್ ಪೆಂಡರ್, ನಿಮ್ಮ ಸರ್ಜನ್" ಎನ್ನತೊಡಗಿದ್ದಾರೆ. ಮೊನ್ನೆ ಲಿಫ್ಟಿನಲ್ಲಿ ನನಗೂ ಹೇಳಿದರು.