ಬಚ್ಚಲ ನೀರಿಗೆ ಕಾವಲು ನಿಂತ ಚಿಕ್ಕಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅತಿಥಿಗೃಹದ ಕೊನೆಯ ಕೊಠಡಿಯ ಹಿಂದೆ, ಬಚ್ಚಲ ನೀರು ಹೊರಬೀಳುವ ಕೊಳವೆಯ ಬಾಯಿಯ ಹತ್ತಿರ ಚಿಕ್ಕಮ್ಮ ಕುಕ್ಕರುಗಾಲಲ್ಲಿ ಕೂತಿದ್ದಾರೆ. ನೀರನ್ನು ಬೊಗಸೆಯಲ್ಲಿ ಹಿಡಿದು ಮೂಗಿನ ಹತ್ತಿರ ತರುತ್ತಾರೆ. ಮುಖ ಸಿಂಡರಿಸುತ್ತಾರೆ.

"ಹೂವಿನ ವಾಸನೆ. ನಾವು ಕೊಡೋ ಸೋಪಿಗೆ ವಾಸನೇನೇ ಇಲ್ಲ. ಯಾರೋ ಶಾಂಪೂ ಬಚ್ಚಿಟ್ಕೊಂಡು ಬಂದಿದಾರೆ!"

ತಿಂಡಿಯ ಹೊತ್ತಿಗೆ ಆ 'ಯಾರೋ' ಸಿಕ್ಕಿಬಿದ್ದಿದ್ದಾರೆ. ದೂರದ ಊರಿನಿಂದ ಬಂದ ನವದಂಪತಿ. ಹೆಂಡತಿ ನಾಚಿಕೊಂಡು ಬಾಟಲಿ ಒಪ್ಪಿಸುತ್ತಾಳೆ, ಗಂಡ ನಗು ತಡೆಯಲಾಗದೆ ಲೋಟದೊಳಗೆ ಮುಖ ಹುದುಗಿಸುತ್ತಾನೆ. ಚಿಕ್ಕಮ್ಮ ನಗುವುದಿಲ್ಲ. ಕೊಳವೆಯ ನೀರು ಜೊಂಡು ಬೆಳೆದ ಗುಂಡಿಯಲ್ಲಿ ಸೋಸಿ ತೊರೆ ಸೇರುತ್ತದೆ. ಇಳಿಜಾರಿನ ಕೆಳಗೆ ಚಿಕ್ಕಮ್ಮನ ಬಳಗದ ಮನೆಗಳಿವೆ, ಅವರೆಲ್ಲ ಕುಡಿಯುವುದು ಅದೇ ತೊರೆಯ ನೀರು. ಜೊಂಡು ಎಲ್ಲವನ್ನೂ ಹೀರುತ್ತದೆಂದು ಅದನ್ನು ಕಟ್ಟಿಸಿದವರು ಹೇಳಿದ್ದಾರೆ. ಚಿಕ್ಕಮ್ಮನಿಗೆ ಜೊಂಡಿನ ಮೇಲೂ ಪೂರ್ತಿ ಭರವಸೆ ಇಲ್ಲ.

ಐದೇ ಕೊಠಡಿಗಳ ಈ ಅತಿಥಿಗೃಹ ಬೆಟ್ಟದ ಮೂಲನಿವಾಸಿ ಮನೆತನಗಳೇ ಸೇರಿ ಕಟ್ಟಿದ್ದು. ಯಜಮಾನಿಕೆ ಅವರದೇ, ದುಡಿಮೆಯೂ ಅವರದೇ. ಒಬ್ಬರು ಅಡುಗೆಮನೆ ನೋಡಿಕೊಂಡರೆ ಇನ್ನೊಬ್ಬರು ಬಂದವರಿಗೆ ಕಾಡು ತೋರಿಸುತ್ತಾರೆ. ಹಾಸಿಗೆ, ಬಚ್ಚಲು, ಬಟ್ಟೆ ಒಗೆತ ಚಿಕ್ಕಮ್ಮನ ಪಾಲಿಗೆ. ಅನುಮಾನಪಡುವ ಕೆಲಸವನ್ನು ಯಾರೂ ವಹಿಸಿರಲಿಲ್ಲ, ಅದನ್ನು ತಾವಾಗಿಯೇ ಹೊತ್ತುಕೊಂಡರು.

ಅದಕ್ಕೆ ಕಾರಣವಿದೆ. ಪ್ರಾಯದಲ್ಲಿ ಅವರು ತೊರೆಯ ಆಚೆ ದಡದ ದೊಡ್ಡ ಹೋಟೆಲಿನಲ್ಲಿ ಹಾಸಿಗೆ ಹಾಸುತ್ತಿದ್ದರು. ಮಾಲೀಕರು ಹೊರಗಿನವರು. ಮುಂಬಾಗಿಲ ಗೋಡೆಯ ಮೇಲೆ ಚಿಕ್ಕಮ್ಮನ ತಾಯಿಯ ದೊಡ್ಡ ಫೋಟೋ ಇತ್ತು. ಪ್ರವಾಸಿಗರನ್ನು ಸೆಳೆಯಲೆಂದು ಕೇಳದೆ ತೆಗೆದದ್ದು. ಮಗಳು ಮಾತ್ರ ಹಿಂಬಾಗಿಲಿನಿಂದಲೇ ಒಳಗೆ ಹೋಗಬೇಕಿತ್ತು. ಕೊನೆಗೆ ಹೋಟೆಲಿನ ಕೊಳಕು ನೀರಿನಿಂದ ತೊರೆಯಲ್ಲಿ ನೊರೆ ತೇಲತೊಡಗಿ, ನೀರು ನಾರಿ, ಅತಿಥಿಗಳು ಮೂಗು ಮುಚ್ಚಿಕೊಂಡಾಗ ಮಾಲೀಕರು ಬೀಗ ಜಡಿದು ಹೊರಟರು.

"ಅವರು ಗಂಟುಮೂಟೆ ಕಟ್ಟಿದ್ರು. ನಾವು ಎಲ್ಲಿಗೆ ಹೋಗೋಣ?" ಒದ್ದೆ ದುಪ್ಪಟಿ ಹಿಂಡುತ್ತ ಚಿಕ್ಕಮ್ಮ ಕೇಳುತ್ತಾರೆ. ತೊರೆ ತಿಳಿಯಾಗುವ ಹೊತ್ತಿಗೆ ಅವರ ಮಕ್ಕಳು ದೊಡ್ಡವರಾಗಿದ್ದರು.

ಅಂದಿನಿಂದ ಹೊಸಬರನ್ನು ಕಂಡರೆ ಅವರ ಹುಬ್ಬು ಮೇಲೇರುತ್ತದೆ. ಈ ಸ್ವಭಾವದಿಂದ ನೋವೂ ಆಗಿದೆ. ಹಿಂದೊಮ್ಮೆ ವಯಸ್ಸಾದ ಅತಿಥಿಯೊಬ್ಬರು ಕಾಡಿನ ಬೀಜ ಕದ್ದಿದ್ದಾರೆಂದು ಚಿಕ್ಕಮ್ಮ ಅವರ ಕರವಸ್ತ್ರ ಬಿಚ್ಚಿಸಿದರು. ಒಳಗಿದ್ದದ್ದು ಮಾತ್ರೆಗಳು. ಆ ಅಜ್ಜಿ ಅತ್ತೇಬಿಟ್ಟರು. "ಕಾಲಿಗೆ ಬಿದ್ದೆ. ಅವರು ಎತ್ತಿ ಕೂರಿಸ್ಕೊಂಡ್ರು. ಮತ್ತೆ ಬರಲಿಲ್ಲ," ಎನ್ನುವಾಗ ಚಿಕ್ಕಮ್ಮನ ದನಿ ತಗ್ಗುತ್ತದೆ.

ಅದೇ ಅನುಮಾನ ಕಳೆದ ಬೇಸಿಗೆಯಲ್ಲಿ ಅತಿಥಿಗೃಹವನ್ನು ಉಳಿಸಿತು.

ಹಕ್ಕಿ ನೋಡಲು ಬಂದೆನೆಂದು ಒಬ್ಬ ಅತಿಥಿ ಬಂದಿಳಿದ. ಮೆತ್ತನೆ ಮಾತು, ಉಂಡ ತಟ್ಟೆಯನ್ನು ತಾನೇ ತೊಳೆದಿಡುವಷ್ಟು ವಿನಯ. ಎಲ್ಲರಿಗೂ ಹಿಡಿಸಿದ. ಚಿಕ್ಕಮ್ಮನಿಗೆ ಮಾತ್ರ ಎರಡನೇ ದಿನವೇ ಒಳಗೊಳಗೆ ಕಸಿವಿಸಿ.

"ಹಕ್ಕಿ ನೋಡೋರು ಕತ್ತೆತ್ತಿ ನಡೀತಾರೆ. ಈ ಮನುಷ್ಯ ನೆಲ ನೋಡ್ಕೊಂಡೇ ನಡೀತಿದ್ದ."

ಅತಿಥಿಗೃಹದ ಮೇಲ್ವಿಚಾರಣೆ ತೀರಿಹೋದ ಅಕ್ಕನ ಮಗನದು. ತಾಯಿ ಹೋದ ಮೇಲೆ ಚಿಕ್ಕಮ್ಮನ ಮಡಿಲಲ್ಲೇ ಬೆಳೆದವನು. ಅವನ ಕಿವಿಗೆ ವಿಷಯ ಹಾಕಿದರೆ ಅವನು ರೇಗಿದ. "ಬಂದೋರ್ನೆಲ್ಲ ಕಳ್ಳರ ಥರ ನೋಡಿದ್ರೆ ಯಾರು ಬರ್ತಾರೆ ಚಿಕ್ಕಮ್ಮ? ಸುಮ್ನಿದ್ಬಿಡು."

ಸುಮ್ಮನಿರುವ ಜಾಯಮಾನ ಅವರದಲ್ಲ. ಮರುದಿನ ಬಟ್ಟೆಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು, ಒಣಹಾಕುವ ನೆಪದಲ್ಲಿ ಅತಿಥಿಯ ಹಿಂದೆಯೇ ದಿಬ್ಬ ಹತ್ತಿದರು. ತೊರೆ ಹುಟ್ಟುವ ಒರತೆಯ ಪಕ್ಕದಲ್ಲಿ ಅವನು ಗೂಟ ನೆಡುತ್ತಿದ್ದ. ಅವನ ಜೊತೆ ಇನ್ನೊಬ್ಬನಿದ್ದ, ಕೈ ಚಾಚಿ ಗಡಿ ತೋರಿಸುತ್ತಿದ್ದ. ಅಕ್ಕನ ಮಗ.

ಚಿಕ್ಕಮ್ಮ ಬಟ್ಟೆ ಒಣಹಾಕದೆಯೇ ಬುಟ್ಟಿ ಹೊತ್ತು ದಿಬ್ಬ ಇಳಿದರು. ಮರುದಿನ ಒಗೆಯುವ ಕಲ್ಲಿನ ಹತ್ತಿರ ಅವನನ್ನು ನಿಲ್ಲಿಸಿ ನೇರವಾಗಿ ಕೇಳಿದರು. ಅವನೂ ಮುಚ್ಚಿಡಲಿಲ್ಲ. ಆ ಅತಿಥಿ ಪ್ರವಾಸ ಕಂಪನಿಯೊಂದರ ಮನುಷ್ಯ. ಒರತೆಯ ಪಕ್ಕದಲ್ಲಿ ಕಂಪನಿ ಇಪ್ಪತ್ತು ಕೊಠಡಿ, ಈಜುಕೊಳ ಕಟ್ಟಿಸುತ್ತದೆ.

"ಸೂರು ಸೋರ್ತಿದೆ. ವರ್ಷದಲ್ಲಿ ಅರ್ಧ ಕಾಲ ಜನಾನೇ ಬರಲ್ಲ. ಎಷ್ಟು ದಿನ ಹೀಗೇ ಏಗೋದು?" ಅವನ ಕಣ್ಣು ಕೆಂಪಾಗಿತ್ತು. "ಹೆಸರು ನಮ್ದೇ ಇರುತ್ತೆ ಚಿಕ್ಕಮ್ಮ."

"ಆ ಹೋಟೆಲಲ್ಲೂ ಫೋಟೋ ನಮ್ದೇ ಇತ್ತಲ್ಲಪ್ಪ," ಎಂದರು ಚಿಕ್ಕಮ್ಮ.

ಸಂಜೆ ಎಲ್ಲ ಮನೆಯವರೂ ಅಡುಗೆಮನೆಯಲ್ಲಿ ಸೇರಿದರು. ಕಂಪನಿಯವನನ್ನೂ ಕೂರಿಸಿದರು. ಅರ್ಧದಷ್ಟು ಜನ ಅಕ್ಕನ ಮಗನ ಕಡೆಗಿದ್ದರು, ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಚಿಕ್ಕಮ್ಮನಿಗೆ ಭಾಷಣ ಬರುವುದಿಲ್ಲ. ಅವರು ಅತಿಥಿಯನ್ನು ಒಂದೇ ಮಾತು ಕೇಳಿದರು: "ಒಳ್ಳೇದು ಮಾಡೋಕೆ ಬಂದೋರು ಹಕ್ಕಿ ನೆಪ ಯಾಕೆ ಹೇಳಿದ್ರಿ?"

ಅವನು ಉತ್ತರವನ್ನು ಅಕ್ಕನ ಮಗನ ಬಾಯಿಂದ ಹೇಳಿಸುವವನಂತೆ ಅವನ ಮುಖ ನೋಡಿದ. ಮೊದಲು ಎದ್ದದ್ದು ಅಕ್ಕನ ಮಗನೇ. "ನನಗೂ ಪೂರ್ತಿ ಹೇಳಿಲ್ಲ ಅನ್ಸುತ್ತೆ ಇವರು. ಬೇಡ ಬಿಡಿ," ಎಂದು ಹೊರಗೆ ನಡೆದ. ಬೆಳಗಾಗುವ ಮುಂಚೆ ಗೂಟಗಳನ್ನು ಕಿತ್ತವನೂ ಅವನೇ.

ಹಾಗೆಂದು ಎಲ್ಲವೂ ಸರಿಹೋಗಲಿಲ್ಲ. ಮಳೆ ಬರುವವರೆಗೂ ಅವನು ಚಿಕ್ಕಮ್ಮನ ಜೊತೆ ಮಾತು ಬಿಟ್ಟಿದ್ದ. ಸೂರು ಸೋರಿದ ದಿನ ಇಬ್ಬರೂ ಒಂದೇ ಏಣಿ ಹಿಡಿಯಬೇಕಾಯಿತು, ಮಾತು ತಾನಾಗಿ ಶುರುವಾಯಿತು. ಈಗ ತೊರೆ ಸಣ್ಣಗಾಗುವ ತಿಂಗಳುಗಳಲ್ಲಿ, ಕುಡಿಯುವ ನೀರು ಉಳಿಯಲೆಂದು, ಅತಿಥಿಗೃಹ ಮುಚ್ಚಿರುತ್ತದೆ. ಆಗ ಮನೆಮಂದಿ ಬುಟ್ಟಿ ಹೆಣೆದು, ಜೇನು ಇಳಿಸಿ ದಿನ ದೂಡುತ್ತಾರೆ. ಕಷ್ಟವಿದೆ. ಇದ್ದುದರಲ್ಲೇ ತೂಗಿಸುತ್ತಾರೆ.

"ಚಿಕ್ಕಮ್ಮ ಇನ್ನೂ ನನ್ನನ್ನ ನಂಬಿಲ್ಲ," ಎಂದು ಅವನು ಗಟ್ಟಿಯಾಗಿಯೇ ದೂರುತ್ತಾನೆ, ಅವರಿಗೆ ಕೇಳಲಿ ಎಂದೇ.

"ನಂಬಿದೀನಿ ಕಣೋ. ನಂಬಿದ್ರೂ ನೋಡ್ತಾ ಇರ್ತೀನಿ."

ಆಸೆ ಏನಾದರೂ ಇದೆಯೇ ಎಂದು ಕೇಳಿದರೆ, ಚಿಕ್ಕಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ಮುಖದಲ್ಲಿ ಮೊದಲ ಸಲ ನಗು ಇಣುಕುತ್ತದೆ.

"ನಾನೂ ಒಂದ್ಸಲ ಟೂರ್ ಹೋಗ್ಬೇಕು. ಸಮುದ್ರದ ಕಡೆ ನಮ್ಮಂಥೋರೇ ನಡೆಸೋ ಜಾಗ ಇದ್ಯಂತೆ. ಮಂಚದ ಮೇಲೆ ಕಾಲು ಚಾಚಿ ಮಲಗ್ಬೇಕು. ಬೆಳಿಗ್ಗೆ ಹಾಸಿಗೆ ನಾನು ಮಡಚಲ್ಲ, ಅವರೇ ಮಡಚ್ಲಿ." ಹುಬ್ಬೇರಿಸಿ ಸೇರಿಸುತ್ತಾರೆ: "ಆದ್ರೆ ಅವರ ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಕೇಳೇ ಕೇಳ್ತೀನಿ."